ಕೋಲಿಗೆ ಕಿವಿ

ತರಬೇತಿಗೆ ಬಂದವರು ಬಣ್ಣದ ಚೀಟಿ ಹಂಚಿದರು.
‘ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ? ಬರೆಯಿರಿ’ ಅಂದರು.
ಪಕ್ಕದ ಸಿದ್ಲಿಂಗ ಬರೆದ: ಸೈಟು, ಕಾರು, ಮಗಳ ಮದುವೆ.
ನಾನು ಪೆನ್ನಿನ ಟೊಪ್ಪಿ ಕಚ್ಚುತ್ತಾ ಕೂತೆ.
ಐದು ವರ್ಷಕ್ಕೆ ನನಗೆ ನಿವೃತ್ತಿ. ಅಷ್ಟು ಗೊತ್ತು.
ಉಪ್ಪಿಟ್ಟು ಚೆನ್ನಾಗಿತ್ತು.

ಇಪ್ಪತ್ತಾರು ವರ್ಷ ಶಿವಮೊಗ್ಗಕ್ಕೆ ನೀರು ಬಿಟ್ಟವನು ನಾನು.
ಸೀಗೆಹಟ್ಟಿಗೆ ನಾಲ್ಕಕ್ಕೆ, ದುರ್ಗಿಗುಡಿಗೆ ಐದೂವರೆಗೆ.
ಗುಂಡಿಗೆ ಕೀಲಿ ಇಳಿಸಿ ಹದಿನೆಂಟು ಸುತ್ತು ತಿರುವು,
ಆಮೇಲೆ ಹದಿನೆಂಟು ಸುತ್ತು ಮರಳಿ.
ನಿದ್ದೆಯಲ್ಲೂ ನನ್ನ ಕೈ ತಿರುಗುತ್ತದೆಂದು
ರುದ್ರಮ್ಮ ನಗುತ್ತಿದ್ದಳು.
ನೀರು ಬಂದ ದಿನ ಯಾರೂ ನನ್ನ ಹೆಸರೆತ್ತಲಿಲ್ಲ,
ಬಾರದ ದಿನ ನನ್ನಜ್ಜನ ಹೆಸರೂ ಬೀದಿಗೆ ಬಂತು.

ಬುಡೇನ್ ಸಾಬರದು ಆಗಲೇ ಪಿಂಚಣಿ ಆಗಿತ್ತು.
ಆದರೂ ರಾತ್ರಿ ಎರಡಕ್ಕೆ, ಓ.ಟಿ. ರಸ್ತೆಯ ಲಾರಿಗಳೂ ಮಲಗಿದ ಮೇಲೆ,
ಮಫ್ಲರ್ ಸುತ್ತಿಕೊಂಡು ಬರುವರು.
ಕೈಯಲ್ಲಿ ಆಳುದ್ದ ಕಬ್ಬಿಣದ ಕೋಲು,
ತುದಿಗೆ ಬೀಟೆಯ ಪುಟ್ಟ ಬಟ್ಟಲು.
ಟಾರಿನ ಮೇಲೆ ಊರಿ, ಬಟ್ಟಲಿಗೆ ಕಿವಿ ಕೊಟ್ಟು
ಬಾಗಿ ನಿಂತರೆ ಯಾರದೋ ಗುಟ್ಟು ಕದಿಯುವ ಮುದುಕ.

‘ಕೇಳಿಸ್ಕೊ’ ಅಂದರು ಒಂದು ದಿನ.
‘ಏನೂ ಇಲ್ಲ ಸಾಬ್ರೆ.’
‘ಏನೂ ಇಲ್ಲ ಅನ್ನೋದು ಹೆಂಗಿದೆ, ಅದನ್ನ ಹೇಳು.’

ಮೂರು ತಿಂಗಳು ನನಗೆ ಕೇಳಿದ್ದು ನನ್ನದೇ ರಕ್ತ.
ಆಮೇಲೆ ಬೇಕರಿಯ ಫ್ರಿಜ್ಜು.
ಆಮೇಲೆ ಬೀಡಾಡಿ ನಾಯಿಯ ಉಗುರು.
ಕಾರ್ತೀಕದ ಒಂದು ಚಳಿಯಲ್ಲಿ, ಕೋಟೆ ರಸ್ತೆಯ ತಿರುವಿನಲ್ಲಿ,
ದೂರದ ಅಡುಗೆಮನೆಯಲ್ಲಿ ಸಾಸಿವೆ ಸಿಡಿದಂತೆ
ಸಣ್ಣಗೆ, ನಿಲ್ಲದೆ.
ಬೆಳಿಗ್ಗೆ ಅಗೆದರು.
ಕೂದಲೆಳೆ ಬಿರುಕು.
ಬೇವಿನ ಬೇರೊಂದು ಅಲ್ಲಿಗೆ ಬಾಯಿಟ್ಟು
ಎಷ್ಟು ವರ್ಷದಿಂದ ಕುಡಿಯುತ್ತಿತ್ತೋ, ಕೊಬ್ಬಿ ಕೂತಿತ್ತು.
ನಾನು ಕೆಸರಿನಲ್ಲಿ ಮಂಡಿಯೂರಿ ಅತ್ತೆ, ಯಾಕೋ.
ಬೆವರೆಂದು ಒರೆಸಿಕೊಂಡೆ.

ಇದನ್ನು ಆ ತರಬೇತಿಯವರಿಗೆ ಹೇಳಿದ್ದರೆ
ಬೋರ್ಡಿಗೆ ಬರೆದು ಅಡಿಗೆರೆ ಎಳೆಯುತ್ತಿದ್ದರು,
‘ನಿಮ್ಮೊಳಗಿನ ಸೋರಿಕೆ’ ಎಂದು.
ಇಲ್ಲ ಸ್ವಾಮಿ, ಸೋರಿದ್ದು ಪೈಪು.
ನಾಲ್ಕಿಂಚಿನದು.

ಆದರೆ ಅಂದಿನಿಂದ ಅಲಾರಾಂ ಬೇಕಾಗಿಲ್ಲ.
ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನನ್ನದೇ ಹೆಸರುಗಳು:
ಗೋಪಾಳದ ಬೆಕ್ಕು, ಟ್ಯಾಂಕ್ ಮೊಹಲ್ಲದ ಕೆಮ್ಮು,
ಪೋಸ್ಟಾಫೀಸಿನ ಹಿಂದೆ ರೇಷ್ಮೆ ಹರಿಯುವವಳು.
ನಲವತ್ತೊಂದು ಹುಡುಕಿದ್ದೇನೆ. ಆರು ತಪ್ಪಿದ್ದೇನೆ,
ಸುಮ್ಮನೆ ರಸ್ತೆ ಅಗೆಸಿ ಬೈಸಿಕೊಂಡಿದ್ದೇನೆ.
ಯಾರೂ ಹೇಳಿದ ಕೆಲಸವಲ್ಲ. ಓವರ್‌ಟೈಮೂ ಇಲ್ಲ.

ಒಂದು ರಾತ್ರಿ ಕೋಲೆತ್ತಿಕೊಂಡು ಹೊರಟಾಗ
ರುದ್ರಮ್ಮ ಬಾಗಿಲಿಗೆ ಬಂದಳು.
‘ನೆಲದೊಳಗಿನದ್ದು ಕೇಳುತ್ತೆ ನಿಮಗೆ.
ನನ್ನ ಮಾತಿಗೆ ಎಷ್ಟುದ್ದದ ಕೋಲು ಬೇಕು?’

ಅಂದು ಹೋಗಲಿಲ್ಲ.
ಚಾಪೆಯ ಮೇಲೆ ಕೂತು, ಬೆಳಗಾಗುವ ತನಕ ಕೇಳಿದೆ.
ಹೇಳಿದ್ದೇನೆಂದು ಇಲ್ಲಿ ಬರೆಯುವುದಿಲ್ಲ.
ಸೀಗೆಹಟ್ಟಿಗೆ ಅಂದು ನೀರು ತಡವಾಯಿತು, ನನ್ನಜ್ಜ
ಮತ್ತೆ ಬೀದಿಗೆ ಬಂದ.

ಬುಡೇನ್ ಸಾಬರು ಹೋದ ಮೇಲೆ ಕೋಲು ನನಗೇ ಉಳಿಯಿತು.
ಗುತ್ತಿಗೆಗೆ ಸೇರಿದ ಹುಡುಗ ಲೋಹಿತ, ಕಿವಿಯಲ್ಲಿ ಸದಾ ಹಾಡು,
ಒಂದು ರಾತ್ರಿ ತಾನಾಗಿಯೇ ಇಯರ್‌ಫೋನ್ ಕಿತ್ತು ಜೇಬಿಗಿಟ್ಟ.
‘ಕೊಡಣ್ಣ, ನೋಡಾಣ.’

ಈಗ ಬಾಗಿ ನಿಂತಿದ್ದಾನೆ.
ಆ ಬರೆಯದ ಹಳದಿ ಚೀಟಿ ನೋಟ್‌ಬುಕ್ಕಿನ ನಡುವೆ,
ನಿಂತ ಪುಟದ ಗುರುತಾಗಿ ಇದೆ.
‘ಏನೂ ಇಲ್ಲಣ್ಣ’ ಅನ್ನುತ್ತಾನೆ.
ನಾನು ಟಾರ್ಚ್ ಆರಿಸುತ್ತೇನೆ.
ಬೀದಿನಾಯಿ ಬಂದು ನಮ್ಮಿಬ್ಬರ ನಡುವೆ ಕೂರುತ್ತದೆ,
ಅದರ ಒಂದು ಕಿವಿ ಮೇಲೆದ್ದಿದೆ.